ಮಳೆಗಾಲದ ಕತ್ತಲೆ, ಕೊಟ್ಟಿಗೆಯ ಜನರೇಟರ್ ಮತ್ತು ಮೂರು ಕಿಲೋವ್ಯಾಟ್ ಸೋಲಾರ್

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಭಾಗದ ಒಂದು ಹಳ್ಳಿ. ಪುನರ್ವಸು, ಪುಷ್ಯ ಮಳೆಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಅದಕ್ಕೆಂದೇ 2.1 ಕೆವಿಎ ಪೆಟ್ರೋಲ್ ಜನರೇಟರ್ ಇಟ್ಟುಕೊಂಡಿದ್ದೇವೆ. ಮಳೆಯಲ್ಲಿ ನೆನೆಯಬಾರದೆಂದು ಮನೆಗೆ ಅಂಟಿಕೊಂಡಿರುವ ಹಳೆಯ ಕೊಟ್ಟಿಗೆಯಲ್ಲಿಟ್ಟು, ಕಿಟಕಿ ತೆರೆದು ಓಡಿಸುತ್ತೇವೆ. ಎರಡೂ ತುದಿಗೆ ಪ್ಲಗ್ ಹಾಕಿದ ವೈರಿನ ಒಂದು ತುದಿಯನ್ನು ಜನರೇಟರ್‌ಗೂ ಇನ್ನೊಂದನ್ನು ಅಡುಗೆಮನೆಯ 15 ಆಂಪಿಯರ್ ಸಾಕೆಟ್‌ಗೂ ಸಿಕ್ಕಿಸಿದರೆ ಇಡೀ ಮನೆಗೆ ಕರೆಂಟ್ ಬರುತ್ತದೆ. ಅದಕ್ಕೆ ಮೊದಲು ನಮ್ಮ ಮನೆಯವರು ಮೇನ್ ಸ್ವಿಚ್ ಇಳಿಸುತ್ತಾರೆ. ಕಳೆದ ಜುಲೈನಲ್ಲಿ ಜನರೇಟರ್ ಓಡುತ್ತಿದ್ದ ಒಂದು ರಾತ್ರಿ ಅತ್ತೆಯವರಿಗೂ ಮಗಳಿಗೂ ತಲೆನೋವು, ವಾಂತಿ ಆಯಿತು. ಆಕ್ಸಿಮೀಟರ್ 98 ತೋರಿಸಿದ್ದರಿಂದ ಪಿತ್ತವೆಂದು ಸುಮ್ಮನಾದೆವು, ಬೆಳಿಗ್ಗೆ ಸರಿಹೋಯಿತು. ಅತ್ತೆಯವರ ಇನ್ಸುಲಿನ್ ಇರುವುದರಿಂದ ಫ್ರಿಜ್ ನಿಲ್ಲಿಸುವಂತಿಲ್ಲ. ಈಗ ಸೋಲಾರ್ ಏಜೆಂಟರೊಬ್ಬರು ಬಂದು, 3 ಕಿಲೋವ್ಯಾಟ್ ಹಾಕಿಸಿದರೆ ₹78,000 ಸಬ್ಸಿಡಿ ಬರುತ್ತದೆ, ಇನ್ನು ಮನೆಯಲ್ಲಿ ಕತ್ತಲೆಯೇ ಇರುವುದಿಲ್ಲ ಎನ್ನುತ್ತಿದ್ದಾರೆ. ಗೃಹಜ್ಯೋತಿಯಿಂದ ನಮ್ಮ ಬಿಲ್ ಶೂನ್ಯ. ಜನರೇಟರ್ ಮಾರಿ ಸೋಲಾರ್ ಹಾಕಿಸಬಹುದೇ?

ಉತ್ತರ: ನೀವು ಕೇಳಿರುವುದು ಸೋಲಾರ್ ಬಗ್ಗೆ. ಆದರೆ ನಿಮ್ಮ ಪತ್ರದಲ್ಲಿ ಅದಕ್ಕಿಂತ ಮೊದಲು ಉತ್ತರಿಸಬೇಕಾದ ಎರಡು ಸಂಗತಿಗಳಿವೆ. ಒಂದು ಕೊಟ್ಟಿಗೆ, ಇನ್ನೊಂದು ಆ ವೈರು. ಸೋಲಾರ್ ಹಾಕಿಸುವುದು ಮುಂದಿನ ವರ್ಷಕ್ಕೆ ಹೋದರೂ ನಷ್ಟವಿಲ್ಲ, ಇವೆರಡನ್ನು ಮಾತ್ರ ಮುಂದಿನ ಸಲ ಕರೆಂಟ್ ಹೋಗುವುದರೊಳಗೆ ಸರಿಪಡಿಸಿಕೊಳ್ಳಬೇಕು.

ಆ ರಾತ್ರಿ ಏನಾಗಿತ್ತೆಂದು ದೂರದಲ್ಲಿ ಕುಳಿತು ಖಚಿತವಾಗಿ ಹೇಳುವುದು ವೈದ್ಯನಲ್ಲದ ನನ್ನಿಂದಾಗದು. ಆದರೂ ಒಂದೇ ಮನೆಯ ಇಬ್ಬರಿಗೆ ಒಂದೇ ಹೊತ್ತಿಗೆ, ಜ್ವರವಿಲ್ಲದೆ ತಲೆನೋವು ಮತ್ತು ವಾಂತಿ ಕಾಣಿಸಿಕೊಂಡು, ಜನರೇಟರ್ ನಿಂತ ಮೇಲೆ ತಾನಾಗಿಯೇ ಕಡಿಮೆಯಾಯಿತೆಂದರೆ, ನಾನು ಮೊದಲು ಸಂಶಯಿಸುವುದು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು. ಇಂಧನ ಪೂರ್ತಿ ಉರಿಯದಿದ್ದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣಲಿಲ್ಲ, ಪೆಟ್ರೋಲ್ ವಾಸನೆ ಬರಲಿಲ್ಲ ಎಂಬುದು ಇದರ ಮಟ್ಟಿಗೆ ಯಾವ ಧೈರ್ಯವನ್ನೂ ಕೊಡುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡದ್ದು ಶುದ್ಧ ಗಾಳಿಗೆ ಬಂದ ಕೂಡಲೇ ಬಿಡುವುದೂ ಇಲ್ಲ, ಅರ್ಧದಷ್ಟು ಇಳಿಯುವುದಕ್ಕೇ ನಾಲ್ಕೈದು ಗಂಟೆ ಬೇಕಾಗುತ್ತದೆ.

ಆಕ್ಸಿಮೀಟರ್ ವಿಚಾರವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕೋವಿಡ್ ಕಾಲದ ನಂತರ ಅನೇಕರ ಮನೆಯಲ್ಲಿ ಅದಿದೆ ಮತ್ತು ಜನ ಅದನ್ನು ನಂಬುತ್ತಾರೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ರಕ್ತದ ಬಣ್ಣವನ್ನು ನೋಡಿ ಲೆಕ್ಕ ಹಾಕುವ ಉಪಕರಣ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಕೆಂಪಗೇ ಇರುವುದರಿಂದ ಅದು ಎರಡನ್ನೂ ಬೇರ್ಪಡಿಸಲಾರದೆ 98 ಎಂದೇ ತೋರಿಸುತ್ತದೆ. ಅಂಥ ರಾತ್ರಿ ಮತ್ತೆ ಬಂದರೆ ಮೊದಲು ಎಲ್ಲರನ್ನೂ ಮನೆಯಿಂದ ಹೊರಗೆ ಕರೆತನ್ನಿ, ಜನರೇಟರ್ ನಿಲ್ಲಿಸಿ, 108ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಹೋಗಿ. ವೈದ್ಯರಿಗೆ ಮನೆಯಲ್ಲಿ ಜನರೇಟರ್ ಓಡುತ್ತಿತ್ತು ಎಂಬುದನ್ನು ನೀವಾಗಿಯೇ ಹೇಳಬೇಕು. ಆ ಒಂದು ಮಾತು ಹೇಳದಿದ್ದರೆ ಅವರಿಗೂ ಅದು ಪಿತ್ತದಂತೆಯೋ ಹೊಟ್ಟೆಯ ತೊಂದರೆಯಂತೆಯೋ ಕಾಣಬಹುದು.

ಕಿಟಕಿ ತೆರೆದಿಟ್ಟಿದ್ದೆವು ಎಂದು ಬರೆದಿದ್ದೀರಿ. ಒಂದು ಸಣ್ಣ ಪೆಟ್ರೋಲ್ ಎಂಜಿನ್ ಉಗುಳುವ ಅನಿಲದ ಪ್ರಮಾಣಕ್ಕೆ ಕೊಟ್ಟಿಗೆಯ ಕಿಟಕಿ ಏನೇನೂ ಸಾಲದು. ಮಲೆನಾಡಿನ ಹಳೆಯ ಹೆಂಚಿನ ಮನೆಗಳ ರಚನೆಯಂತೂ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೋಣೆಗಳ ನಡುವಿನ ಗೋಡೆ ಅನೇಕ ಮನೆಗಳಲ್ಲಿ ಮಾಡಿನವರೆಗೆ ಮುಟ್ಟುವುದಿಲ್ಲ, ಮೇಲೆ ಅಟ್ಟ ಒಂದೇ ಸಮನೆ ಹಾದುಹೋಗುತ್ತದೆ, ಕೊಟ್ಟಿಗೆಯ ಮಾಡು ಮನೆಯ ಮಾಡಿಗೇ ಸೇರಿಕೊಂಡಿರುತ್ತದೆ. ಎಂಜಿನ್ನಿನ ಬಿಸಿ ಹೊಗೆ ಮೇಲೇರಿ ಅಟ್ಟದ ದಾರಿಯಲ್ಲಿ ಸಾಗಿ, ಕೊಟ್ಟಿಗೆಯಿಂದ ಎರಡು ಕೋಣೆ ಆಚೆ ಮಲಗಿದವರ ಮೇಲೆ ಇಳಿಯುತ್ತದೆ. ಕೊಟ್ಟಿಗೆಯ ಬಾಗಿಲಲ್ಲೇ ನಿಂತವರಿಗೆ ಏನೂ ಆಗದೆ ಒಳಗೆ ಮಲಗಿದ ಅಜ್ಜಿ, ಮಕ್ಕಳಿಗೆ ತೊಂದರೆಯಾಗುವುದು ಹೀಗೆ. ಇದೇ ಕಾರಣಕ್ಕೆ, ಬಾಣಂತಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಂಡದ ಅಗ್ಗಿಷ್ಟಿಕೆ ಇಡುವುದನ್ನು ಕಂಡಾಗಲೆಲ್ಲ ನಾನು ಬೇಡವೆನ್ನುತ್ತೇನೆ. ಕೆಂಡದಿಂದ ಹೊರಡುವುದೂ ಇದೇ ಅನಿಲ.

ಜನರೇಟರ್ ಮನೆಯ ಬಾಗಿಲು, ಕಿಟಕಿ, ಗವಾಕ್ಷಿಗಳಿಂದ ಕನಿಷ್ಠ 6 ಮೀಟರ್, ಅಂದರೆ 20 ಅಡಿ ದೂರದಲ್ಲಿರಬೇಕು. ಮಳೆಗೆ ನೆನೆಯದಂತೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿ, ಅಡಿಯೆತ್ತರದ ಕಾಂಕ್ರೀಟ್ ಕಟ್ಟೆ ಮಾಡಿ ಅದರ ಮೇಲಿಡಿ. ಸುತ್ತ ಗೋಡೆ ಮಾತ್ರ ಬೇಡ. ಇರಚಲು ಬರುತ್ತದೆಂದು ಮೂರು ಕಡೆ ತಗಡು ಮುಚ್ಚಿದರೆ ಇನ್ನೊಂದು ಕೊಟ್ಟಿಗೆಯನ್ನೇ ಕಟ್ಟಿದಂತಾಗುತ್ತದೆ, ಅದರ ಬದಲು ಮಾಡನ್ನು ಅಗಲವಾಗಿ ಚಾಚಿಸಿ. ನಮ್ಮ ಕಡೆ ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಈ ಚಪ್ಪರ ಮನೆಯ ಪೂರ್ವಕ್ಕೋ ಈಶಾನ್ಯಕ್ಕೋ ಇದ್ದರೆ ಒಳ್ಳೆಯದು. ಸೈಲೆನ್ಸರ್ ಬಾಯಿ ಮನೆಯ ಕಡೆಗಿರಬಾರದು. ಇಷ್ಟರ ಮೇಲೆ ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಿಂದ ನಡೆಯುವ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ. ಹೊಗೆ ಪತ್ತೆ ಮಾಡುವ ಅಲಾರಂ ಬೇರೆ, ಇದು ಬೇರೆ, ಕೊಳ್ಳುವಾಗ ನೋಡಿ ಕೊಳ್ಳಿ. ಜನರೇಟರ್ ಓಡುತ್ತಿರುವಾಗ ಅಥವಾ ನಿಲ್ಲಿಸಿದ ಕೂಡಲೇ ಪೆಟ್ರೋಲ್ ಸುರಿಯಬೇಡಿ. ಸೈಲೆನ್ಸರ್ ಕೈಗೆ ತಾಳುವಷ್ಟು ತಣ್ಣಗಾಗಲಿ. ಪೆಟ್ರೋಲ್ ಕ್ಯಾನನ್ನು ಬಚ್ಚಲೊಲೆಯಿರುವ ಮಾಡಿನ ಕೆಳಗೆ ಇಡಕೂಡದು.

ಇನ್ನು ಆ ವೈರು. ಇದರ ಅಪಾಯ ನಿಮ್ಮ ಮನೆಯ ಗೋಡೆಗೇ ನಿಲ್ಲುವುದಿಲ್ಲ. ಮೇನ್ ಸ್ವಿಚ್ ಇಳಿಸುವುದನ್ನು ಒಂದು ಸಲ ಮರೆತರೆ, ಅಥವಾ ಯಜಮಾನರು ಊರಲ್ಲಿಲ್ಲದ ದಿನ ಕೆಲಸದವರು ಜನರೇಟರ್ ಹಚ್ಚಿದರೆ, ನಿಮ್ಮ 230 ವೋಲ್ಟ್ ಮೀಟರಿನ ಮೂಲಕ ಹಿಂದಕ್ಕೆ ಹರಿದು ಕಂಬದ ತಂತಿಗೆ ಸೇರುತ್ತದೆ. ಅಲ್ಲಿಂದ ಟಿ.ಸಿ.ಗೆ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್‌ಗೆ ಹೋದರೆ, ಟ್ರಾನ್ಸ್‌ಫಾರ್ಮರ್ ಯಾವ ದಿಕ್ಕಿನಿಂದ ಕೊಟ್ಟರೂ ಕೆಲಸ ಮಾಡುವ ಯಂತ್ರವಾದ್ದರಿಂದ, 11 ಕೆವಿ ತಂತಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಲೈನ್ ಆಫ್ ಮಾಡಿಸಿಕೊಂಡು, ಬಿದ್ದ ಮರ ಕಡಿದು ತಂತಿ ಎಳೆಯುತ್ತಿರುವ ಲೈನ್‌ಮನ್‌ಗೆ ಅದು ಬರುವ ಸೂಚನೆಯೇ ಇರುವುದಿಲ್ಲ. ಸಣ್ಣ ಜನರೇಟರ್ ಊರಿನ ಲೋಡ್ ತಾಳಲಾರದೆ ತಾನೇ ನಿಂತುಹೋಗುತ್ತದೆ ಎಂಬ ಮಾತನ್ನು ಎಲೆಕ್ಟ್ರಿಷಿಯನ್ನರ ಬಾಯಲ್ಲೂ ಕೇಳಿದ್ದೇನೆ. ಊರೆಲ್ಲ ಜೋಡಿಸಿಕೊಂಡಿದ್ದಾಗ ಅದು ನಿಜವಿರಬಹುದು. ಆದರೆ ತಂತಿ ತುಂಡಾಗಿ ನಿಮ್ಮದೂ ಪಕ್ಕದ್ದೂ ಸೇರಿ ಎರಡೇ ಮನೆ ಉಳಿದಿದ್ದರೆ ಅದು ನಿಲ್ಲದೆ ಓಡುತ್ತದೆ, ಮತ್ತು ತಂತಿ ತುಂಡಾದಲ್ಲಿಯೇ ಲೈನ್‌ಮನ್ ಕೆಲಸ ಮಾಡುತ್ತಿರುತ್ತಾನೆ. ಅಡುಗೆಮನೆಯ ಸಾಕೆಟ್‌ನಿಂದ ಆ ಪ್ಲಗ್ ಜಾರಿ ಬಿದ್ದರೆ ಹೊರಗಿರುವ ಹಿತ್ತಾಳೆಯ ಪಿನ್ನುಗಳಲ್ಲಿ ಪೂರ್ತಿ ಕರೆಂಟ್ ಇರುತ್ತದೆ ಎಂಬುದನ್ನೂ, ಅದು ಮಗು ಓಡಾಡುವ ಜಾಗ ಎಂಬುದನ್ನೂ ನೆನಪಿಡಿ. ಆ ವೈರನ್ನು ತುಂಡು ಮಾಡಿ ಎಸೆದುಬಿಡಿ, ಎತ್ತಿಟ್ಟರೆ ಮತ್ತೆ ಬಳಕೆಗೆ ಬರುತ್ತದೆ.

ಇದಕ್ಕೆ ಪರಿಹಾರ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್. ಹಿಡಿಕೆ ಮೇಲಿದ್ದರೆ ಲೈನಿನ ಕರೆಂಟ್, ಕೆಳಗಿದ್ದರೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ಸೇರುವುದು ಯಂತ್ರದ ರಚನೆಯಿಂದಲೇ ಅಸಾಧ್ಯ, ಯಾರ ನೆನಪಿನ ಮೇಲೂ ಅದು ನಿಂತಿಲ್ಲ. ಫೇಸ್ ಜೊತೆಗೆ ನ್ಯೂಟ್ರಲ್ ಕೂಡ ಅದರಲ್ಲಿ ಕಡಿಯಬೇಕು. ನಿಮ್ಮ ಮನೆಗೆ ತ್ರೀ ಫೇಸ್ ಇದ್ದರೆ ನಾಲ್ಕು ಪೋಲಿನದು ಬೇಕು. ಖರ್ಚು ಸ್ವಿಚ್‌ಗಿಂತ ಹೆಚ್ಚಾಗಿ ಕೇಬಲ್‌ಗೇ ಆಗುತ್ತದೆ. ಚಪ್ಪರದಿಂದ ಮನೆಯವರೆಗೆ ತಾಮ್ರದ ಮೂರು ಎಳೆಯ ಕೇಬಲ್ಲನ್ನು ನಡುವೆ ಜೋಡಣೆಯಿಲ್ಲದೆ ಪೈಪಿನೊಳಗೆ ಹಾಯಿಸಿ. ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ, ಅವರ ಬಳಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಜನರೇಟರ್‌ನಲ್ಲಿ ಓಡುವಾಗ ಮನೆಯ ಆರ್‌ಸಿಸಿಬಿ (ಶಾಕ್ ಹೊಡೆದಾಗ ಕರೆಂಟ್ ಕಡಿಯುವ ಸ್ವಿಚ್) ಕೆಲಸ ಮಾಡುತ್ತದೆಯೇ? ಅನೇಕ ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಅರ್ಥಿಂಗಿಗೆ ಸೇರಿರುವುದಿಲ್ಲ. ಹಾಗಿದ್ದಾಗ ಯಾರಿಗಾದರೂ ಶಾಕ್ ಹೊಡೆದರೂ ಆರ್‌ಸಿಸಿಬಿ ಬೀಳದೆ ಇರಬಹುದು. ಜನರೇಟರ್ ಕಡೆಯ ನ್ಯೂಟ್ರಲನ್ನು ಅರ್ಥಿಂಗಿಗೆ ಸೇರಿಸಿ, ಆಮೇಲೆ ಟೆಸ್ಟ್ ಬಟನ್ ಒತ್ತುವುದಷ್ಟೇ ಅಲ್ಲದೆ ಪರೀಕ್ಷಾ ಉಪಕರಣದಿಂದ ನೋಡಿ ತೋರಿಸಲು ಹೇಳಿ. ಈ ಪ್ರಶ್ನೆ ಕೇಳಿದಾಗ ಮುಖ ನೋಡುವ ಎಲೆಕ್ಟ್ರಿಷಿಯನ್‌ಗೆ ಈ ಕೆಲಸ ಕೊಡಬೇಡಿ.

ಈಗ ಸೋಲಾರ್‌ಗೆ ಬರೋಣ. ಏಜೆಂಟರು ಹೇಳಿದ ಸಬ್ಸಿಡಿಯ ಲೆಕ್ಕ ಸರಿಯಾಗಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000, ಹೀಗೆ ಒಟ್ಟು ₹78,000 ಸಿಗುತ್ತದೆ. ಆದರೆ ಕತ್ತಲೆಯೇ ಇರುವುದಿಲ್ಲ ಎಂಬ ಮಾತು ತಪ್ಪು. ಆ ಸಬ್ಸಿಡಿ ಲೈನಿಗೆ ಜೋಡಿಸಿದ ಸೋಲಾರ್‌ಗೆ ಮಾತ್ರ ಸಲ್ಲುತ್ತದೆ, ಮತ್ತು ಅದರ ಸಾಮಾನ್ಯ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದ ಒಂದೆರಡು ಸೆಕೆಂಡಿನೊಳಗೆ ತಾನೂ ನಿಲ್ಲಲೇಬೇಕು. ಮಧ್ಯಾಹ್ನ ಹನ್ನೆರಡರ ಬಿಸಿಲಿದ್ದರೂ ನಿಮ್ಮ ಮನೆಗೆ ಕರೆಂಟ್ ಇರುವುದಿಲ್ಲ. ಇದು ಇನ್ವರ್ಟರಿನ ದೋಷವಲ್ಲ. ಮೇಲೆ ಹೇಳಿದ ಲೈನ್‌ಮನ್‌ನನ್ನು ಕಾಪಾಡಲೆಂದೇ ಬುದ್ಧಿಪೂರ್ವಕವಾಗಿ ಅಳವಡಿಸಿರುವ ವ್ಯವಸ್ಥೆ. ಚೇಂಜ್‌ಓವರ್ ಸ್ವಿಚ್ ಜನರೇಟರ್‌ಗೆ ಮಾಡುವ ಕೆಲಸವನ್ನು ಇಲ್ಲಿ ಇನ್ವರ್ಟರ್ ತಾನೇ ಮಾಡುತ್ತದೆ.

ಕರೆಂಟ್ ಹೋದಾಗಲೂ ನಡೆಯಬೇಕಾದರೆ ಲೈನಿಗೂ ಬ್ಯಾಟರಿಗೂ ಹೊಂದಿಕೊಂಡು ನಡೆಯುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಬ್ಯಾಟರಿಗೆ ಪ್ರತ್ಯೇಕ ಸಬ್ಸಿಡಿ ಇಲ್ಲ. ಅದನ್ನೂ ಹಾಕಿಸಿದಿರೆಂದೇ ಇಟ್ಟುಕೊಳ್ಳೋಣ. ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಜುಲೈ ತಿಂಗಳ ಜಡಿಮಳೆಯ ದಿನ ಅದು ಒಂದು ಯೂನಿಟ್ ಕೊಟ್ಟರೆ ದೊಡ್ಡದು, ಮೋಡ ಕವಿದು ಮಧ್ಯಾಹ್ನವೇ ದೀಪ ಹಚ್ಚುವ ದಿನಗಳಲ್ಲಿ ಅಷ್ಟೂ ಇಲ್ಲ. ನಿಮಗೆ ಕರೆಂಟ್ ಹೋಗುವ ತಿಂಗಳುಗಳೂ ಸೂರ್ಯ ಕಾಣದ ತಿಂಗಳುಗಳೂ ಒಂದೇ. ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಸರಿಹೋಗುವ ಲೆಕ್ಕ ಮಲೆನಾಡಿನಲ್ಲಿ ಏರುಪೇರಾಗುವುದು ಇದೊಂದು ಕಾರಣದಿಂದ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಜನರೇಟರ್ ಮಾರಬೇಡಿ.

ಹಣದ ದೃಷ್ಟಿಯಿಂದಲೂ ಯೋಚಿಸಿ. 3 ಕಿಲೋವ್ಯಾಟ್‌ಗೆ ಸಬ್ಸಿಡಿಗೆ ಮೊದಲು ಒಂದೂವರೆಯಿಂದ ಎರಡು ಲಕ್ಷ ರೂಪಾಯಿ ತಗಲುತ್ತದೆ. ಈ ಹೂಡಿಕೆ ಹಿಂದಕ್ಕೆ ಬರುವುದು ಮುಖ್ಯವಾಗಿ ಉಳಿತಾಯವಾಗುವ ಬಿಲ್ಲಿನಿಂದ. 2023ರ ಜುಲೈನಿಂದ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲೇ ಶೂನ್ಯವಾಗಿರುವಾಗ ಉಳಿಸುವುದಕ್ಕೆ ಏನಿದೆ? ಮಿಕ್ಕ ಯೂನಿಟ್‌ಗಳನ್ನು ಲೈನಿಗೆ ಕೊಟ್ಟರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ನಿಗದಿಪಡಿಸಿದ ದರ ಸಿಗುತ್ತದೆ, ಅದರಿಂದಲೇ ಬಂಡವಾಳ ತೀರಿಸುವುದು ನಿಧಾನದ ದಾರಿ. ತಿಂಗಳಿಗೆ 300, 400 ಯೂನಿಟ್ ಬಳಸಿ ಪೂರ್ತಿ ಬಿಲ್ ಕಟ್ಟುವ ಮನೆಗಾದರೆ ನಾನು ಇದೇ ಸೋಲಾರನ್ನು ಸಂಕೋಚವಿಲ್ಲದೆ ಹಾಕಿಸಿಕೊಳ್ಳಿ ಎನ್ನುತ್ತಿದ್ದೆ. ಇಷ್ಟಾದ ಮೇಲೂ ಹಾಕಿಸುವ ಮನಸ್ಸಿದ್ದರೆ, ಸೋಲಾರ್ ಬಂದ ಮೇಲೆ ಗೃಹಜ್ಯೋತಿಯ ಲೆಕ್ಕ ನಿಮ್ಮ ಆರ್‌.ಆರ್. ಸಂಖ್ಯೆಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಮೆಸ್ಕಾಂ ಶಾಖಾ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ.

ಹಾಗಾದರೆ ಆ ಮೂರು ನಾಲ್ಕು ದಿನಗಳಿಗೆ ನಿಜವಾಗಿ ಎಷ್ಟು ವಿದ್ಯುತ್ ಬೇಕು? ಜನರು ಇಡೀ ಮನೆಗೆ ಕರೆಂಟ್ ಬೇಕೆಂದು ಹೊರಡುವುದರಿಂದ ಖರ್ಚು ಬೆಳೆಯುತ್ತದೆ. 9 ವ್ಯಾಟಿನ ಐದು ಎಲ್ಇಡಿ ಬಲ್ಬು ಸಂಜೆ ಐದು ಗಂಟೆ ಉರಿದರೆ ಕಾಲು ಯೂನಿಟ್ಟೂ ಆಗುವುದಿಲ್ಲ. ಮೊಬೈಲ್‌ಗಳು, ಇಂಟರ್ನೆಟ್ ಪೆಟ್ಟಿಗೆ ಸೇರಿಸಿದರೆ ಅರ್ಧ ಯೂನಿಟ್. ಆ ಮಳೆಯಲ್ಲಿ ಫ್ಯಾನು ಯಾರಿಗೂ ಬೇಡ, ಸ್ನಾನದ ನೀರು ಹಂಡೆಯಲ್ಲಿ ಕಾಯುತ್ತದೆ. ಫ್ರಿಜ್ ದಿನಕ್ಕೆ ಸುಮಾರು 1 ಯೂನಿಟ್ ತಿನ್ನುತ್ತದೆ, ಆದರೆ ಅದೂ ದಿನವಿಡೀ ಓಡಲೇಬೇಕೆಂದಿಲ್ಲ. ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಬಳಕೆಗೆ ತೆರೆದ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ಹೊರಗಿನ ಉಷ್ಣತೆಯಲ್ಲಿ ಇರಬಲ್ಲದು, ಮತ್ತು ನಿಮ್ಮ ಊರಿನ ಜುಲೈ ತಂಪಾಗಿಯೇ ಇರುತ್ತದೆ. ಪೊಟ್ಟಣದ ಮೇಲಿನ ಸೂಚನೆ ನೋಡಿ, ವೈದ್ಯರನ್ನು ಒಮ್ಮೆ ಕೇಳಿ. ಫ್ರಿಜ್ ಬೇಕಾಗಿರುವುದು ತೆರೆಯದ ಬಾಟಲಿಗಳಿಗೆ. ಮಿಕ್ಕದ್ದು ನೀರಿನ ಪಂಪು. 1 ಎಚ್‌ಪಿ ಮೋಟಾರ್ ಓಡುವಾಗ ತೆಗೆದುಕೊಳ್ಳುವ ಕರೆಂಟಿನ ನಾಲ್ಕೈದು ಪಟ್ಟು ಶುರುವಾಗುವಾಗ ಎಳೆಯುವುದರಿಂದ ನಿಮ್ಮ 2.1 ಕೆವಿಎ ಜನರೇಟರ್ ಅಲ್ಲಿ ಮುಗ್ಗರಿಸಬಹುದು. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬರುವ ಮನೆಯಾದರೆ ಈ ಚಿಂತೆಯೇ ಇಲ್ಲ.

ಈ ಲೆಕ್ಕಕ್ಕೆ ಒಪ್ಪುವ ವ್ಯವಸ್ಥೆಯೆಂದರೆ ಒಂದು ಸೋಲಾರ್ ಇನ್ವರ್ಟರ್, ಎರಡು ಪ್ಯಾನೆಲ್, ಒಂದು ಬ್ಯಾಟರಿ, ಜೊತೆಗೆ ಸರಿಯಾದ ಜಾಗದಲ್ಲಿ ಕುಳಿತ ನಿಮ್ಮ ಹಳೆಯ ಜನರೇಟರ್. ಇದಕ್ಕೆ ಸಬ್ಸಿಡಿ ಇಲ್ಲ, ಆದರೆ ಕತ್ತಲೆಗೆ ಉತ್ತರ ಇದೇ. ಜನರೇಟರ್ ಹಗಲು ಎರಡು ಗಂಟೆ ಓಡಿ ಫ್ರಿಜ್, ಮಿಕ್ಸಿ ಮುಗಿಸಿ ಬ್ಯಾಟರಿಗೂ ತುಂಬಿದರೆ ರಾತ್ರಿ ಎಂಜಿನ್ ಹಚ್ಚುವ ಅಗತ್ಯ ಬೀಳುವುದಿಲ್ಲ, ಎಲ್ಲರೂ ಮಲಗಿರುವಾಗ ಅನಿಲದ ಭಯವೂ ಇರುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿ, ಅಂದರೆ ಮನೆಗಳಲ್ಲಿ ಸಾಮಾನ್ಯವಾಗಿರುವ ಸೀಸ-ಆಮ್ಲದ ಬ್ಯಾಟರಿ, ಚಾರ್ಜ್ ಆಗುವಾಗ ಸುಮಾರು 15 ಆಂಪಿಯರ್ ಮಾತ್ರ ತೆಗೆದುಕೊಳ್ಳುತ್ತದೆ, ಎರಡು ಗಂಟೆಯಲ್ಲಿ ಐದನೆಯ ಒಂದು ಭಾಗವೂ ತುಂಬಿತೆನ್ನಲಾಗದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ದುಬಾರಿಯಾದರೂ ಬೇಗ ತುಂಬುತ್ತದೆ, ಜನರೇಟರ್ ಇರುವ ಮನೆಗೆ ನಾನು ಅದನ್ನೇ ಹೇಳುತ್ತೇನೆ, ಅದಕ್ಕೆ ಹೊಂದುವ ಚಾರ್ಜರ್ ಇರುವ ಇನ್ವರ್ಟರ್ ಜೊತೆಗೆ. ಟ್ಯೂಬುಲರ್ ಆದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಾಡುವ ಕಡೆ, ದೇವರ ದೀಪದಿಂದ ದೂರ ಇರಲಿ. ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದ್ದರೆ ಸಣ್ಣ ಜನರೇಟರಿನ ಏರಿಳಿತದ ಕರೆಂಟನ್ನು ಒಪ್ಪದೆ ಚಾರ್ಜ್ ಮಾಡದಿರಬಹುದು, ಸಾಧಾರಣ ಮೋಡ್‌ಗೆ ಬದಲಿಸಿ ನೋಡಿ.

ಪ್ಯಾನೆಲ್‌ಗಳನ್ನು ಹೆಂಚಿನ ಮಾಡಿನ ಮೇಲೆ ಕೂರಿಸುವುದಕ್ಕಿಂತ ಅಂಗಳದ ಅಂಚಿನಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಇಡುವುದು ಮೇಲು. ಪಾಚಿ ತೊಳೆಯಲು ಜಾರುವ ಮಾಡು ಹತ್ತುವ ಕೆಲಸ ತಪ್ಪುತ್ತದೆ. ಮಂಗಗಳ ಕಾಟವಿರುವಲ್ಲಿ ಮಾತ್ರ ಏನು ಮಾಡಿದರೂ ಪೂರ್ತಿ ಪರಿಹಾರವಿಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಮತ್ತು ಪ್ರತ್ಯೇಕ ಅರ್ಥಿಂಗ್ ಬೇಕೇ ಬೇಕು. ಬೆಳಕಿರುವಷ್ಟು ಹೊತ್ತು ಪ್ಯಾನೆಲ್ ತಂತಿಗಳಲ್ಲಿ ಡಿಸಿ ಕರೆಂಟ್ ಇದ್ದೇ ಇರುತ್ತದೆ, ಅದನ್ನು ಕಡಿಯುವ ಐಸೊಲೇಟರ್ ಸ್ವಿಚ್ ಆಫ್ ಮಾಡದೆ ಕನೆಕ್ಟರ್ ಎಳೆದರೆ ಕಿಡಿ ನಿಲ್ಲದೆ ಹೊತ್ತಿಕೊಳ್ಳುತ್ತದೆ. ಮುಂದೆ ಎಂದಾದರೂ ಲೈನಿಗೆ ಜೋಡಿಸುವ ಸೋಲಾರ್ ಹಾಕಿಸಿದರೆ ಅದು ಚೇಂಜ್‌ಓವರ್ ಸ್ವಿಚ್‌ನ ಲೈನಿನ ಕಡೆಗೇ ಇರಬೇಕು. ಜನರೇಟರ್ ಕಡೆಗೆ ಸೇರಿದರೆ ಅದು ಜನರೇಟರನ್ನೇ ಲೈನೆಂದು ತಿಳಿದು ಅದರೊಳಕ್ಕೆ ಕರೆಂಟ್ ತಳ್ಳಬಹುದು.

ನಿಮ್ಮ ತೋಟದ ಮೇಲ್ಭಾಗದಲ್ಲಿ ಹಳ್ಳ ಇದ್ದರೆ ಇನ್ನೊಂದು ದಾರಿಯನ್ನು ನೋಡದೆ ಬಿಡಬೇಡಿ. ಪಶ್ಚಿಮ ಘಟ್ಟದ ಅನೇಕ ಮನೆಗಳಲ್ಲಿ ಪೈಪಿನ ನೀರಿನಿಂದ ತಿರುಗುವ ಪುಟ್ಟ ಟರ್ಬೈನುಗಳಿವೆ, ಪಿಕೊ ಹೈಡ್ರೊ ಎನ್ನುತ್ತಾರೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ ಸೋರಿಕೆಯೆಲ್ಲ ಕಳೆದು ಸುಮಾರು 1 ಕಿಲೋವ್ಯಾಟ್ ಸಿಗುತ್ತದೆ, ಅದೂ ಹಗಲು ರಾತ್ರಿ ಬಿಡದೆ, ಅಂದರೆ ದಿನಕ್ಕೆ 24 ಯೂನಿಟ್. ಸೋಲಾರ್ ಸೋಲುವ ತಿಂಗಳಲ್ಲಿಯೇ ಹಳ್ಳ ತುಂಬಿರುತ್ತದೆ. ನೀರು ಹಿಡಿಯುವ ಬಾಯಿಗೆ ಎಲೆ, ಕಸ ಕಟ್ಟಿಕೊಳ್ಳುವುದನ್ನು ಮಳೆಯಲ್ಲೇ ಹೋಗಿ ತೆಗೆಯಬೇಕು, ಪ್ರವಾಹಕ್ಕೆ ಪೈಪ್ ಕೊಚ್ಚಿಹೋಗದಂತೆ ಕಟ್ಟಬೇಕು, ಫೆಬ್ರವರಿ ಹೊತ್ತಿಗೆ ಹಳ್ಳ ಬತ್ತಿದರೆ ಅದು ನಿಲ್ಲುತ್ತದೆ. ನಿಮಗೆ ಬೇಕಾಗಿರುವುದು ಜುಲೈಗೆ ಆದ್ದರಿಂದ ಕೊನೆಯದು ದೊಡ್ಡ ಅಡ್ಡಿಯಲ್ಲ. ಈ ಮಳೆಗಾಲದಲ್ಲಿ ಒಂದು ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆಂದು ಅಳೆದು, ಪೈಪಿನ ಎತ್ತರವನ್ನೂ ಗುರುತು ಮಾಡಿಟ್ಟುಕೊಂಡರೆ ಮಾತುಕತೆಗೆ ಸಾಕು.

ಏಜೆಂಟರು ಮತ್ತೆ ಬಂದಾಗ ಎರಡು ವಿಷಯಗಳನ್ನು ಅವರ ಕೊಟೇಶನ್‌ನಲ್ಲಿಯೇ ಬರೆದುಕೊಡಲು ಹೇಳಿ: ಲೈನಿನಲ್ಲಿ ಕರೆಂಟ್ ಇಲ್ಲದಾಗ ಮನೆಯ ಯಾವ ಯಾವ ಪಾಯಿಂಟ್ ಎಷ್ಟು ಗಂಟೆ ನಡೆಯುತ್ತದೆ, ಮತ್ತು ಜುಲೈ ತಿಂಗಳಲ್ಲಿ ದಿನಕ್ಕೆ ಎಷ್ಟು ಯೂನಿಟ್ ಬರುತ್ತದೆ. ವಾರ್ಷಿಕ ಸರಾಸರಿ ಹೇಳಿದರೆ ಒಪ್ಪಬೇಡಿ. ಸಬ್ಸಿಡಿ ಹಣ ಕೆಲಸ ಮುಗಿದು ಮೀಟರ್ ಜೋಡಣೆಯಾದ ಮೇಲೆ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೇ ಜಮಾ ಆಗುತ್ತದೆ. ಅರ್ಜಿಯನ್ನು ಸರ್ಕಾರದ ಪೋರ್ಟಲ್‌ನಲ್ಲಿ ನಿಮ್ಮ ಮೊಬೈಲ್ ಸಂಖ್ಯೆಯಿಂದಲೇ ಹಾಕಿ, ಒಟಿಪಿಯನ್ನು ಯಾರಿಗೂ ಕೊಡಬೇಡಿ.